ಸಭೆಯ ಪುಸ್ತಕದಾಗ ನಮ್ಮ ಓಣಿ ಎಲ್ಲಿದೆ?



ಸ್ವಲ್ಪ ಉದ್ದ ಬರೆದೀನಿ, ಸಮಾಧಾನದಿಂದ ಓದ್ರಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ನಮ್ಮ ಹುಡುಗರಿಗೆ, ಅಕ್ಕ-ತಂಗಿಯರಿಗೆ ಇದು ಮುಟ್ಟಬೇಕು ಅನ್ನೋದು ಆಸೆ.

2020ರ ಅಕ್ಟೋಬರ್‌ನಾಗ ಭೀಮಾ ನದಿ ಉಕ್ಕಿ ಬಂತು. ಮಹಾರಾಷ್ಟ್ರದ ಉಜನಿ, ವೀರ ಅಣೆಕಟ್ಟೆಯಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಅಫಜಲಪುರ, ಜೇವರ್ಗಿ ತಾಲೂಕಿನ ನದಿ ದಂಡಿಯ ಊರುಗಳಿಗೆ ನುಗ್ಗಿತು. ಮಂದಿ ಕಾಳಜಿ ಕೇಂದ್ರ ಸೇರಿದರು. ಅದೇ ವರ್ಷ ಡಿಸೆಂಬರ್‌ನಾಗ ಗ್ರಾಮ ಪಂಚಾಯತಿ ಚುನಾವಣೆ ಆತು. ಗೆದ್ದವರಿಗೆ ಐದು ವರ್ಷ ಸಿಕ್ಕಿತು. ಆ ಐದು ವರ್ಷ ಮುಗಿಯೋ ಹೊತ್ತಿಗೆ, 2025ರ ಸೆಪ್ಟೆಂಬರ್‌ನಾಗ, ಭೀಮಾ ಮತ್ತೆ ಉಕ್ಕಿತು. ಮತ್ತೆ ಅದೇ ದಂಡಿಯ ಊರು, ಮತ್ತೆ ಕಾಳಜಿ ಕೇಂದ್ರ, ಮತ್ತೆ ಮುಖ್ಯಮಂತ್ರಿಗಳ ವೈಮಾನಿಕ ಸಮೀಕ್ಷೆ.

ಲೆಕ್ಕ ಹಾಕಿ ನೋಡ್ರಿ. ಎರಡು ಪ್ರವಾಹದ ನಡುವೆ ಸರಿಯಾಗಿ ಒಂದು ಪಂಚಾಯತಿಯ ಅವಧಿ ಅದ. ಆ ಅವಧಿಯಾಗ ಪಂಚಾಯತಿ ಪ್ರತಿ ವರ್ಷ ಒಂದು ಯೋಜನೆ ಬರೀಬೇಕು. ಅಂದ್ರ ಐದು ಯೋಜನೆ. ನಿಮ್ಮೂರ ಆ ಐದು ಯೋಜನೆಗಳಾಗ ನದಿ ಕಡೆ ತಗ್ಗಿನಾಗಿರೋ ಓಣಿ ಬಗ್ಗೆ ಒಂದು ಸಾಲು ಇತ್ತೇನು? ನೀರು ಬಂದ್ರ ಎಲ್ಲಿಗೆ ಹೋಗೋದು, ಎತ್ತರದ ಜಾಗ ಯಾವುದು, ಆ ಓಣಿಯ ಮನೆಗಳಿಗೆ ಬ್ಯಾರೆ ಕಡೆ ನಿವೇಶನ ಕೊಡೋದು ಯಾವಾಗ, ಮುದುಕರು-ಬಾಣಂತಿಯರನ್ನ ಮೊದಲು ಯಾರು ಕರ್ಕೊಂಡು ಹೋಗೋದು, ಇಂಥ ಒಂದಾದರೂ ಸಾಲು? ಇದ್ದರೆ ಆ ಪಂಚಾಯತಿಗೆ ನಾನು ಕೈ ಮುಗಿತೀನಿ. ಇರಲಿಲ್ಲ ಅಂದ್ರ ಈ ಪೋಸ್ಟ್ ಅದರ ಬಗ್ಗೆನೇ.

ಈಗ ಎಲ್ಲಿ ನೋಡಿದರೂ ‘ಸುಸ್ಥಿರ ಅಭಿವೃದ್ಧಿ’ ಅನ್ನೋ ಮಾತು. ವಿಶ್ವಸಂಸ್ಥೆ 2015ರಲ್ಲಿ 17 ಗುರಿ ಇಟ್ಟಿತು, 2030ರೊಳಗೆ ಮುಟ್ಟಬೇಕು ಅಂತ. ಕೇಂದ್ರದ ಪಂಚಾಯತ್ ರಾಜ್ ಮಂತ್ರಾಲಯ ಅವನ್ನ ಹಳ್ಳಿಗೆ ಹೊಂದೋ ಹಾಗೆ 9 ವಿಷಯ ಮಾಡಿತು: ಬಡತನ ಇಲ್ಲದ ಊರು, ಆರೋಗ್ಯದ ಊರು, ಮಕ್ಕಳಸ್ನೇಹಿ ಊರು, ನೀರಿಗೆ ಕೊರತೆ ಇಲ್ಲದ ಊರು, ಸ್ವಚ್ಛ-ಹಸಿರು ಊರು, ಮೂಲಸೌಕರ್ಯ ಇರೋ ಊರು, ಸಾಮಾಜಿಕ ನ್ಯಾಯದ ಊರು, ಒಳ್ಳೆ ಆಡಳಿತದ ಊರು, ಹೆಣ್ಮಕ್ಕಳಸ್ನೇಹಿ ಊರು. ನಮ್ಮ ರಾಜ್ಯದಾಗ ಇದಕ್ಕೆ ‘ನಮ್ಮ ಗ್ರಾಮ ನಮ್ಮ ಯೋಜನೆ’ ಅಂತಾರ. ಪಂಚಾಯತಿ ಯೋಜನೆ ತಯಾರು ಮಾಡಿ ಇ-ಗ್ರಾಮ ಸ್ವರಾಜ್ ಜಾಲತಾಣಕ್ಕೆ ಏರಿಸಬೇಕು. ಯಾರು ಬೇಕಾದರೂ ಮೊಬೈಲಿನಾಗ ತೆಗೆದು ನೋಡಬಹುದು. ಇವತ್ತೇ ನಿಮ್ಮೂರಿಂದು ತೆಗೀರಿ.

ಈ ಒಂಬತ್ತು ವಿಷಯ ಕೇಳ್ಲಾಕ ಚಂದ ಅವ, ತಕರಾರಿಲ್ಲ. ನನ್ನ ಪ್ರಶ್ನೆ ಬ್ಯಾರೆ. ‘ನಮ್ಮ ಗ್ರಾಮ’ ಅಂದಾಗ ಆ ‘ನಮ್ಮ’ದೊಳಗೆ ಯಾರು ಯಾರು ಇದ್ದಾರ? 2011ರ ಜನಗಣತಿ ಪ್ರಕಾರ ಕಲಬುರಗಿ ಜಿಲ್ಲೆಯಾಗ ಪ್ರತಿ ನಾಲ್ಕು ಮಂದಿಗೆ ಒಬ್ಬರು ಪರಿಶಿಷ್ಟ ಜಾತಿಯವರು. ರಾಜ್ಯದ ಸರಾಸರಿಗಿಂತ ಭಾಳ ಜಾಸ್ತಿ. ಹಿಂಗಿರುವಾಗ ನಮ್ಮ ಓಣಿ ಬಿಟ್ಟು ಬರೆದ ಯೋಜನೆ ಎಷ್ಟು ದಿನ ಬಾಳಿಕೆ ಬಂದೀತು? ಊರಿನ ನಾಲ್ಕನೇ ಒಂದು ಭಾಗ ತಗ್ಗಿನಾಗ ಮುಳುಗುವಾಗ, ಕೊನೆ ನಳಕ್ಕೆ ನೀರು ಏರದೇ ಇರುವಾಗ, ಗುಡಿ ಮುಂದಿನ ಸಿಸಿ ರೋಡಿಗೆ ಸುಸ್ಥಿರ ಅಂತ ಹೆಸರಿಟ್ಟರೆ ಆ ಮಾತಿಗೆ ಅರ್ಥ ಇರಲ್ಲ. ಕಾಂಟ್ರಾಕ್ಟರ್ ಬಿಲ್ ತಗೊಂಡು ಹೋದ ಮ್ಯಾಲೂ ಉಳಿಯೋ ಕೆಲಸ, ಹೋದ ಸಲ ಮೊದಲು ಮುಳುಗಿದವರು ಈ ಸಲ ಮೊದಲು ಮುಳುಗದಂಗ ನೋಡ್ಕೊಳ್ಳೋ ಕೆಲಸ, ನನಗೆ ತಿಳಿದ ಮಟ್ಟಿಗೆ ಸುಸ್ಥಿರ ಅಂದ್ರ ಅದು.

ಅಂಥ ಕೆಲಸ ಆಗಬೇಕಂದ್ರ ಯೋಜನೆ ಬರೆಯೋದಕ್ಕಿಂತ ಮುಂಚೆ ನಮ್ಮ ಓಣಿಯ ಮಾತು ಸಭೆಯ ಪುಸ್ತಕಕ್ಕೆ ಇಳಿಬೇಕು. ನಾನು ಹೇಳ್ಲಾಕ ಹೊಂಟಿದ್ದು ಇಷ್ಟೇ.

ನಾನು ಕಚೇರಿಯಾಗ ಗುಮಾಸ್ತಿಕೆ ಮಾಡೋನು. ಕಾಗದ ಹ್ಯಾಂಗ ಹುಟ್ಟತದ, ಹ್ಯಾಂಗ ಓಡತದ, ಎಲ್ಲಿ ಮಲಗತದ ಅನ್ನೋದು ದಿನಾ ನೋಡ್ತೀನಿ. ಮೊದಲು ಸಭೆಯ ನಡಾವಳಿ. ಅದರ ಮ್ಯಾಲ ಬೇಡಿಕೆ ಪಟ್ಟಿ. ಪಟ್ಟಿ ಮ್ಯಾಲ ಕ್ರಿಯಾ ಯೋಜನೆ. ಅದರ ಮ್ಯಾಲ ಇಂಜಿನಿಯರ್ ಅಂದಾಜು ಪತ್ರಿಕೆ, ಅನುಮೋದನೆ, ಕೆಲಸ, ಅಳತೆ, ಬಿಲ್. ತಳದಾಗಿರೋ ನಡಾವಳಿಯಾಗ ನಿಮ್ಮ ಮಾತು ಇಲ್ಲ ಅಂದ್ರ ಮ್ಯಾಲಿನ ಯಾವ ಕಾಗದದಾಗೂ ಅದು ಹುಟ್ಟಲ್ಲ. ಆಮ್ಯಾಲೆ ನೀವು ತಾಲೂಕು ಆಫೀಸ್ ಮುಂದೆ ಧರಣಿ ಕುಂತರೂ ಸಾಹೇಬರು ‘ಕ್ರಿಯಾ ಯೋಜನೆಯಾಗ ಇಲ್ಲರೀ’ ಅಂತಾರ. ಕಾಗದ ನೋಡಿ ಹೇಳ್ತಿದ್ದಾರ, ಆ ಮಟ್ಟಿಗೆ ಅವರು ಹೇಳೋದು ಖರೇನೇ. ಆ ಕಾಗದ ಯಾರು, ಯಾವಾಗ, ಎಲ್ಲಿ ಕುಂತು ಬರೆದರು ಅನ್ನೋದೇ ಕೇಳಬೇಕಾದ ಮಾತು.

ಬಹಳ ಊರಾಗ ಗ್ರಾಮ ಸಭೆ ಹ್ಯಾಂಗ ನಡಿತದ ಅಂತ ನಿಮಗೆ ಗೊತ್ತು. ಡಂಗುರ ಒಂದು ಓಣಿಯಾಗ ಹೊಡಿತಾರ, ಇನ್ನೊಂದು ಓಣಿಗೆ ಕೇಳ್ಸಲ್ಲ. ನೋಟಿಸು ಪಂಚಾಯತಿ ಗೋಡೆಗೆ ಅಂಟಿರ್ತದ, ಓದೋರು ಯಾರು? ಸಭೆ ಗುಡಿ ಕಟ್ಟಿ ಮ್ಯಾಲೆ. ನಮ್ಮ ಹಿರಿಯರು ಆ ಕಟ್ಟಿ ಏರಲ್ಲ, ದೂರ ನಿಂತು ಕೇಳ್ತಾರ. ಅರ್ಧ ತಾಸಿನಾಗ ಮನಿ ಹಂಚಿಕೆ ಜಗಳ ಎದ್ದು ಸಭೆ ಮುಗಿತದ. ಆಮ್ಯಾಲೆ ಪುಸ್ತಕ ಮನಿ ಮನಿಗೆ ತಿರುಗಿ ಸಹಿ, ಹೆಬ್ಬೆಟ್ಟು ತುಂಬ್ತಾವ. ಜೇವರ್ಗಿ ಕಡೆಯ ಒಂದೂರಾಗ ಒಬ್ಬ ಅವ್ವ ನನಗೆ ಹೇಳಿದಳು: ‘ನಾನು ರೇಷನ್‌ಗೆ ಅಂತ ಹೆಬ್ಬೆಟ್ಟು ಒತ್ತೀನಿ ತಮ್ಮಾ, ಸಭೆಗೆ ಅಂತ ನನಗೇನು ಗೊತ್ತು.’ ಆ ಹೆಬ್ಬೆಟ್ಟಿನ ಕೆಳಗೆ ಯಾವ ಕೆಲಸಕ್ಕೆ ಒಪ್ಪಿಗೆ ಬರೆದಿದ್ದಾರೋ ಅವಳಿಗೆ ಗೊತ್ತಿಲ್ಲ.

ಇನ್ನು ನಮ್ಮೊಳಗಿನ ಒಂದು ವಾದಕ್ಕೆ ಬರ್ತೀನಿ. ನಾನು ಪಂಚಾಯತಿ, ಗ್ರಾಮ ಸಭೆ ಅಂದ ಕೂಡಲೇ ಕೆಲವು ಸಂಗಾತಿಗಳು ಅಂತಾರ: ‘ಬಾಬಾಸಾಹೇಬರು ಹಳ್ಳಿ ಅಂದ್ರ ಏನು ಅಂತ 1948ರಲ್ಲೇ ಹೇಳಿದಾರ. ಆ ಕೆಸರಿನಾಗ ಮತ್ತೆ ಯಾಕ ಇಳಿಬೇಕು? ಓದಿ ಪ್ಯಾಟಿಗೆ ಹೋಗೋದೇ ದಾರಿ.’ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಾಗ ಬಾಬಾಸಾಹೇಬರು ಹಳ್ಳಿಯ ಸಂಕುಚಿತ ಬುದ್ಧಿ, ಅಜ್ಞಾನ, ಜಾತಿ-ಮತದ ಕುರುಡು ಎಲ್ಲಾ ಬಿಚ್ಚಿಟ್ಟಿದ್ದು ಖರೇ. ಅದು ಇವತ್ತಿಗೂ ಸುಳ್ಳಾಗಿಲ್ಲ. ಆದರೆ ಅದಕ್ಕೂ ಮುಂಚೆ, 1932ರಲ್ಲಿ, ಬಾಂಬೆ ಶಾಸನ ಸಭೆಯಾಗ ಗ್ರಾಮ ಪಂಚಾಯತಿ ಮಸೂದೆ ಬಂದಾಗ ಅವರು ಏನು ಮಾಡಿದರು ಅನ್ನೋದನ್ನೂ ನೆನಪಿಡ್ರಿ. ವಿರೋಧ ಮಾಡಿದರು, ಜೊತೆಗೇ ಶೋಷಿತರಿಗೆ ಪಂಚಾಯತಿಯಾಗ ಮೀಸಲು ಪ್ರಾತಿನಿಧ್ಯ ಬೇಕೇ ಬೇಕು ಅಂತ ಪಟ್ಟು ಹಿಡಿದರು. ಆ ಬೇಡಿಕೆ ಸಂವಿಧಾನದ ಅಕ್ಷರ ಆಗಿದ್ದು 73ನೇ ತಿದ್ದುಪಡಿಯಾಗ, 1993ರಲ್ಲಿ. 61 ವರ್ಷ ಹಿಡೀತು. ಅಷ್ಟು ವರ್ಷ ಕಾದು ಬಂದ ಕುರ್ಚಿ ಅದು. ಅದನ್ನ ‘ಕೆಸರು’ ಅಂತ ಬಿಟ್ಟರೆ ಯಾರಿಗೆ ಲಾಭ ಅಂತ ನೀವೇ ಹೇಳ್ರಿ.

ಮಹಾಡ್ ಸತ್ಯಾಗ್ರಹ ನಮಗೆಲ್ಲಾ ಗೊತ್ತು. ಪ್ರತಿ ಮಾರ್ಚ್ 20ಕ್ಕೆ ನೆನೆಸ್ತೀವಿ. ಅದರಾಗ ಸ್ಥಳೀಯ ಸಂಸ್ಥೆಯ ಪಾತ್ರ ಏನಿತ್ತು ಅಂತ ಕಡಿಮೆ ಮಾತಾಡ್ತೀವಿ. 1923ರಲ್ಲಿ ಬಾಂಬೆ ಶಾಸನ ಸಭೆಯಾಗ ಬೋಲೆಯವರ ನಿರ್ಣಯ ಪಾಸಾತು: ಸರ್ಕಾರಿ ದುಡ್ಡಿನ ಕೆರೆ, ಬಾವಿ, ಶಾಲೆ ಎಲ್ಲರಿಗೂ ತೆರೆದಿರಬೇಕು. 1924ರಲ್ಲಿ ಮಹಾಡ್ ಪುರಸಭೆ ಚವದಾರ್ ಕೆರೆ ಅಸ್ಪೃಶ್ಯರಿಗೂ ಮುಕ್ತ ಅಂತ ಠರಾವು ಮಾಡಿತು. ಠರಾವು ಪುಸ್ತಕದಾಗ ಇತ್ತು, ಕೆರೆಯ ಮೆಟ್ಟಿಲ ಮ್ಯಾಲ ನಮ್ಮವರ ಕಾಲು ಇರಲಿಲ್ಲ. ಮೂರು ವರ್ಷ ಆದ ಮ್ಯಾಲ, 1927ರ ಮಾರ್ಚ್ 20ಕ್ಕೆ, ಬಾಬಾಸಾಹೇಬರು ಸಾವಿರಾರು ಮಂದಿ ಜೊತೆ ನಡೆದು ಹೋಗಿ ನೀರು ಮುಟ್ಟಿದರು. ಅದೇ ವರ್ಷ ಆಗಸ್ಟ್‌ನಾಗ ಪುರಸಭೆ ತನ್ನ ಠರಾವನ್ನೇ ವಾಪಸ್ ತಗೊಂಡಿತು. ಕೊನೆಗೆ ಬಾಂಬೆ ಹೈಕೋರ್ಟ್ ನಮ್ಮ ಪರ ತೀರ್ಪು ಕೊಟ್ಟಿದ್ದು 1937ರಲ್ಲಿ.

ಇದರಿಂದ ನಾನು ಕಲಿತಿದ್ದು ಎರಡು. ಮಂದಿ ನಡೆದು ಹೋಗೋ ತನಕ ಠರಾವು ಬರೀ ಕಾಗದ. ಅದೇ ಹೊತ್ತಿಗೆ, ಪುಸ್ತಕದಾಗ ಆ ಠರಾವು ಇದ್ದದ್ದಕ್ಕೇ ನಡೆದು ಹೋದವರಿಗೆ ‘ಇದು ನಮ್ಮ ಹಕ್ಕು’ ಅಂತ ಎದೆ ತಟ್ಟಿ ಹೇಳ್ಲಾಕ ಆತು, ಮೇಲಿನವರು ಅದಕ್ಕೆ ಹೆದರಿನೇ ರದ್ದು ಮಾಡಿದರು. ನಡಿಗೆ, ಪುಸ್ತಕ ಎರಡೂ ಬೇಕು. ನಮ್ಮ ಚಳವಳಿಗೆ ನಡಿಗೆ ಚೆನ್ನಾಗಿ ಬರ್ತದ. ಈಗ ಪುಸ್ತಕ ಕೈಗೆ ತಗೊಳ್ಳೋ ಹೊತ್ತು.

ನಮ್ಮ ರಾಜ್ಯದ ಕಾನೂನಿನಾಗ ಏನದ ನೋಡೋಣ. 1993ರ ಪಂಚಾಯತ್ ರಾಜ್ ಕಾಯ್ದೆಗೆ 2015ರಲ್ಲಿ ದೊಡ್ಡ ತಿದ್ದುಪಡಿ ಆಗಿ ‘ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ’ ಅಂತ ಹೆಸರಾತು. ಅದರ ಪ್ರಕಾರ ಸಭೆ ಮೂರು ಮೆಟ್ಟಿಲು. ಮೊದಲು ಜನವಸತಿ ಸಭೆ, ಆಮ್ಯಾಲೆ ವಾರ್ಡ್ ಸಭೆ, ಕೊನೆಗೆ ಗ್ರಾಮ ಸಭೆ. ಈ ಜನವಸತಿ ಅನ್ನೋ ಪದ ಹಿಡ್ಕೊಳ್ರಿ. ಊರಿಂದ ಬ್ಯಾರೆ ಇರೋ ನಮ್ಮ ಕಾಲೊನಿ, ನಮ್ಮ ತಾಂಡಾ ತನ್ನದೇ ಸಭೆ ಕೇಳ್ಲಾಕ ಇದೇ ಆಧಾರ. ಅಂದ್ರ ಗುಡಿ ಕಟ್ಟಿ ಹತ್ರ ಹೋಗಿ ದೂರ ನಿಲ್ಲಬೇಕಾಗಿಲ್ಲ. ನಮ್ಮ ಅಂಬೇಡ್ಕರ್ ಭವನದ ಮುಂದೆ, ನಮ್ಮ ಬೇವಿನ ಗಿಡದ ಕೆಳಗೆ ಸಭೆ ಮಾಡಿ ನಮ್ಮ ಪಟ್ಟಿ ನಾವೇ ಬರೆದು ಮ್ಯಾಲೆ ಕಳಿಸಬಹುದು.

ಗ್ರಾಮ ಸಭೆಗೆ ಕೋರಂ ಅದ. ಒಟ್ಟು ಮತದಾರರಾಗ ಹತ್ತನೇ ಒಂದು ಭಾಗ ಇಲ್ಲಾ 100 ಮಂದಿ, ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ಬಂದವರಾಗ ಹೆಣ್ಮಕ್ಕಳು ಶೇ. 30ಕ್ಕಿಂತ ಕಡಿಮೆ ಇರಬಾರದು. ಪರಿಶಿಷ್ಟ ಜಾತಿ, ಪಂಗಡದವರು ಅವರ ಜನಸಂಖ್ಯೆಗೆ ತಕ್ಕ ಪ್ರಮಾಣದಾಗ ಇರಬೇಕು. ಕೊನೆ ಸಾಲು ಇನ್ನೊಮ್ಮೆ ಓದ್ರಿ. ನಾವಿಲ್ಲದ ಸಭೆ ಕಾನೂನಿನ ಲೆಕ್ಕಕ್ಕೆ ಪೂರ್ತಿ ಸಭೆನೇ ಅಲ್ಲ. ಪಂಚಾಯತಿಯೊಳಗೆ ಸಾಮಾಜಿಕ ನ್ಯಾಯ ಸಮಿತಿ ಅಂತ ಒಂದು ಸ್ಥಾಯಿ ಸಮಿತಿನೂ ಅದ. ನಿಮ್ಮೂರಾಗ ಅದರ ಅಧ್ಯಕ್ಷರು ಯಾರು? ಕೊನೆ ಸಭೆ ಯಾವಾಗ ಆತು? ಹತ್ತು ಮಂದಿಗೆ ಕೇಳಿ ನೋಡ್ರಿ, ಎಷ್ಟು ಮಂದಿ ಹೇಳ್ತಾರೋ.

ಈಗ ನೀರಿನ ಮಾತಿಗೆ ಬರೋಣ. ಮಳೆಗಾಲದಾಗ ಮುಳುಗಿಸೋ ಅದೇ ಭೀಮಾ ಬ್ಯಾಸಿಗೆಯಾಗ ಒಣಗತದ. ಅಫಜಲಪುರದಾಗ ‘ಉಜನಿಯಿಂದ ನೀರು ಬಿಡಿಸ್ರಿ’ ಅಂತ ಹೋರಾಟ ಆಗ್ತದ. ಜೇವರ್ಗಿ ಕಡೆ ನಾರಾಯಣಪುರ ಎಡದಂಡೆಯ ಜೇವರ್ಗಿ ಶಾಖಾ ಕಾಲುವೆ ಕೊನೆ ಭಾಗಕ್ಕೆ ನೀರು ಮುಟ್ಟಲ್ಲ ಅಂತ ರೈತರು ಬೀದಿಗೆ ಬರ್ತಾರ. ಆಳಂದ ಕಡೆ ಕೊರಳ್ಳಿ ಹತ್ರದ ಅಮರ್ಜಾ ಅಣೆಕಟ್ಟೆಯ ಮಟ್ಟ ನೋಡಿ ಮಂದಿ ಉಸಿರು ಬಿಡ್ತಾರ. ಈ ಹೋರಾಟ ಎಲ್ಲಾ ನ್ಯಾಯದ್ದೇ. ಆದರೆ ಕಾಲುವೆಗೆ ಒಂದು ಕೊನೆ ಇದ್ದಂಗ ಊರೊಳಗಿನ ಪೈಪಿಗೂ ಒಂದು ಕೊನೆ ಇರ್ತದ. ಆ ಕೊನೆಯಾಗ ಯಾವ ಓಣಿ ಅದ ಅಂತ ನಾನು ಹೇಳಬೇಕಾಗಿಲ್ಲ.

ಜಲಜೀವನ್ ಮಿಷನ್ 2019ರಲ್ಲಿ ಶುರುವಾತು. ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಅಂತ ಹೆಸರು. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಅನ್ನೋದು ಲೆಕ್ಕ. ಐದು ಮಂದಿ ಮನಿಗೆ 275 ಲೀಟರ್. ನಳ ಕೂಡಿಸಿದಾರ, ಫೋಟೋ ತಗೊಂಡಿದಾರ. ಟಾಕಿಯಿಂದ ವಾಲ್ ಬಿಡುವಾಗ ಮೊದಲು ಯಾರ ಓಣಿ, ಎಷ್ಟು ಹೊತ್ತು, ಕೊನೆಗೆ ಯಾರ ಓಣಿ? ಮ್ಯಾಲಿನ ಓಣಿಯವರು ನಳಕ್ಕೆ ಮೋಟಾರ್ ಹಚ್ಚಿ ಜಗ್ಗಿದರೆ ತಡಿಯೋರು ಯಾರು? ಪಾಪ ನೀರಗಂಟಿ ಒಬ್ಬನ ಮ್ಯಾಲ ಸಿಟ್ಟು ಮಾಡಿ ಏನೂ ಆಗಲ್ಲ, ಅವನ ಪಗಾರವೇ ತಿಂಗಳುಗಟ್ಟಲೆ ಬಾಕಿ ಇರ್ತದ. ಇದನ್ನ ತೀರ್ಮಾನ ಮಾಡಬೇಕಾದ್ದು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ. ಮಿಷನ್ ಮಾರ್ಗಸೂಚಿ ಪ್ರಕಾರ ಆ ಸಮಿತಿಯಾಗ ಅರ್ಧ ಮಂದಿ ಹೆಣ್ಮಕ್ಕಳು ಇರಬೇಕು, ದುರ್ಬಲ ವರ್ಗದವರು ಜನಸಂಖ್ಯೆಗೆ ತಕ್ಕಂಗ ಇರಬೇಕು. ಜೊತೆಗೆ 15ನೇ ಹಣಕಾಸು ಆಯೋಗದಿಂದ ಪಂಚಾಯತಿಗೆ ಬಂದ ದುಡ್ಡಿನಾಗ ಶೇ. 60ರಷ್ಟು ಕುಡಿಯೋ ನೀರು, ನೈರ್ಮಲ್ಯಕ್ಕೇ ಮೀಸಲು ಇತ್ತು. ಅಂದ್ರ ದುಡ್ಡು ಅದ, ಸಮಿತಿ ಅದ, ನಿಯಮ ಅದ. ವಾಲ್ ಬಿಡೋ ವೇಳಾಪಟ್ಟಿ ಮಾತ್ರ ಗೋಡೆ ಮ್ಯಾಲ ಇಲ್ಲ.

ನೀರು ಹಂಚೋದು ಅಂದಾಗ ಒಂದು ಹಳೇ ಪ್ರಯೋಗ ನೆನಪಾಗ್ತದ. ನಮ್ಮ ಭೀಮಾ ಕಣಿವೆಯದ್ದೇ, ನದಿಯ ಮೇಲ್ಭಾಗದಾಗ. ಪುಣೆ ಜಿಲ್ಲೆಯ ಪುರಂದರ ತಾಲೂಕಿನಾಗ 1972ರ ಬರ ನೋಡಿ ಎದೆ ಒಡೆದ ವಿಲಾಸರಾವ್ ಸಾಳುಂಖೆ ಅನ್ನೋ ಇಂಜಿನಿಯರ್ ನಾಯಗಾಂವದಾಗ ‘ಪಾಣಿ ಪಂಚಾಯತ್’ ಕಟ್ಟಿದರು. ಅಲ್ಲಿನ ನಿಯಮ ಕೇಳ್ರಿ. ಯಾರಿಗೆ ಎಷ್ಟು ಎಕರೆ ಅದ ಅಂತ ನೋಡಿ ನೀರು ಕೊಡೋದಿಲ್ಲ. ಮನಿಯಾಗ ಎಷ್ಟು ಮಂದಿ ಇದಾರ ಅನ್ನೋದರ ಮ್ಯಾಲ ನೀರಿನ ಪಾಲು. ಒಬ್ಬರಿಗೆ ಅರ್ಧ ಎಕರೆಯ ನೀರು. ನೆಲ ಇಲ್ಲದವರಿಗೂ ನೀರಿನ ಮ್ಯಾಲ ಹಕ್ಕು. ಆ ನೀರಿನಾಗ ಕಬ್ಬು ಬೆಳಿಯಂಗಿಲ್ಲ.

ಆ ಪ್ರಯೋಗ ಮಹಾರಾಷ್ಟ್ರ ತುಂಬ ಹಬ್ಬಲಿಲ್ಲ, ಹೆಚ್ಚಿನ ಕಡೆ ಕಬ್ಬೇ ಗೆದ್ದಿತು. ನಮ್ಮ ಕಡೆನೂ ಈಗ ಸಕ್ಕರೆ ಕಾರ್ಖಾನೆ ಇದಾವ. ಕಬ್ಬು ಹಚ್ಚೋ ರೈತನ ಮ್ಯಾಲ ನನಗೆ ಸಿಟ್ಟಿಲ್ಲ, ತೊಗರಿ ನೆಟೆ ಹೋದ ವರ್ಷ ಅವನ ಕಷ್ಟ ನೋಡೀನಿ. ಆದರೂ ಒಂದು ಪ್ರಶ್ನೆ ಗ್ರಾಮ ಸಭೆಯಾಗ ಏಳಬೇಕು: ಊರ ಕೆಳಗಿನ ನೀರು ಎಷ್ಟು, ಬೋರ್ ಎಷ್ಟು, ಕುಡಿಯೋದಕ್ಕೆ ಎಷ್ಟು ಉಳಿಸಬೇಕು, ಹೊಲ ಇಲ್ಲದವನ ಪಾಲು ಎಲ್ಲಿ? ಹೊಲ ಇದ್ದವರು ಮಾತ್ರ ಕುಂತು ನೀರಿನ ಲೆಕ್ಕ ಮಾಡಿದರೆ ಕುಡಿಯೋ ನೀರು ಯಾವಾಗಲೂ ಕೊನೆ ಸಾಲಿಗೆ ಬರ್ತದ. ಹೊಲ ಇಲ್ಲದವರು ಆ ಸಭೆಯಾಗ ಇದ್ದರೆ ಅದು ಮೊದಲ ಸಾಲಿಗೆ ಬರ್ತದ. ನೀರು ಉಳಿಯೋ ದಾರಿನೂ ಅದೇ. ನಮ್ಮ ಹಕ್ಕು, ಊರಿನ ಬಾಳಿಕೆ ಎರಡೂ ಒಂದೇ ಕಡೆ ಬಂದು ಕೂಡ್ತಾವ.

ಗುಳೆ ಬಗ್ಗೆನೂ ಇದೇ ಮಾತು. ದೀಪಾವಳಿ ಮುಗಿದ ಮ್ಯಾಲ, ತೊಗರಿ ರಾಶಿ ಆದ ಮ್ಯಾಲ ನಮ್ಮ ಓಣಿಗಳು ಖಾಲಿ ಆಗ್ತಾವ. ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರು. ಮನಿಯಾಗ ಮುದುಕರು, ಶಾಲೆ ಬಿಟ್ಟ ಮಕ್ಕಳು. ಉದ್ಯೋಗ ಖಾತ್ರಿಯಾಗ 100 ದಿನ ಕೆಲಸ, ದಿನಕ್ಕೆ ₹370 ಅಂತ 2025-26ರ ದರ ಇತ್ತು. ಪರಿಶಿಷ್ಟರ ಸ್ವಂತ ಹೊಲದಾಗ ಬದು, ಕೃಷಿ ಹೊಂಡ, ದನದ ಕೊಟ್ಟಿಗೆ ಎಲ್ಲಾ ಅದರಾಗ ಮಾಡ್ಲಾಕ ಬರ್ತಿತ್ತು. ಆದರೆ ಆ ಕೆಲಸ ಮುಂದಿನ ವರ್ಷದ ಯೋಜನೆಯಾಗ ಇರಬೇಕಂದ್ರ ಮಂದಿ ಊರಾಗ ಇರುವಾಗಲೇ, ಗುಳೆ ಹೊಂಡೋದಕ್ಕಿಂತ ಮುಂಚೆನೇ ಸಭೆ ಆಗಬೇಕು. ಮಂದಿ ಪುಣೆಯಾಗ ಕಟ್ಟಡದ ಕೆಲಸದಾಗ ಇರುವಾಗ ಸಭೆ ಕರೆದು ‘ಕೂಲಿ ಬೇಡಿಕೆ ಇಲ್ಲ’ ಅಂತ ಬರೆದರೆ ಏನು ಮಾಡೋದು? ಸಭೆಯ ತಾರೀಕು ಸಣ್ಣ ವಿಷಯ ಅನಿಸ್ತದ, ಒಂದು ಓಣಿಯ ವರ್ಷದ ಅನ್ನ ಅದರ ಮ್ಯಾಲ ನಿಂತಿರ್ತದ.

ಪಂಚಾಯತಿಯದ್ದಷ್ಟೇ ತಪ್ಪು ಅಂತ ನಾನು ಹೇಳ್ತಿಲ್ಲ. ಮ್ಯಾಲಿನ ಮನಿ ಖಾಲಿ ಇಟ್ಟಾರ. ತಾಲೂಕು, ಜಿಲ್ಲಾ ಪಂಚಾಯತಿಗೆ ಕೊನೆ ಚುನಾವಣೆ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿತು. ನಾಲ್ಕು ವರ್ಷ ದಾಟಿದರೂ ಚುನಾವಣೆ ಆಗಲಿಲ್ಲ, ಎಲ್ಲಾ ಅಧಿಕಾರಿಗಳ ಕೈಯಾಗ ಉಳಿತು. ಎರಡು ಪಕ್ಷದ ಸರ್ಕಾರ ಬಂದವು, ಇಬ್ಬರಿಗೂ ಇದು ಅರ್ಜೆಂಟ್ ಅನಿಸಲಿಲ್ಲ. ಜಿಲ್ಲಾ ಯೋಜನಾ ಸಮಿತಿಯಾಗ ಐದರಲ್ಲಿ ನಾಲ್ಕು ಭಾಗ ಜಿಲ್ಲಾ ಪಂಚಾಯತಿ, ನಗರ ಸಂಸ್ಥೆಗಳ ಚುನಾಯಿತ ಸದಸ್ಯರು ಇರಬೇಕು ಅಂತ ಸಂವಿಧಾನ ಹೇಳ್ತದ. ಜಿಲ್ಲಾ ಪಂಚಾಯತಿ ಸದಸ್ಯರೇ ಇಲ್ಲದಾಗ ಹಳ್ಳಿಯ ಮಾತು ಅಲ್ಲಿ ಯಾರು ಆಡಬೇಕು? ಗ್ರಾಮೀಣಾಭಿವೃದ್ಧಿ ಖಾತೆ 2023ರಲ್ಲಿ ನಮ್ಮ ಜಿಲ್ಲೆಯವರ ಕೈಗೇ ಬಂತು. ಅದಕ್ಕೇ ಈ ಪ್ರಶ್ನೆ ಕಲಬುರಗಿಯಿಂದಲೇ ಗಟ್ಟಿಯಾಗಿ ಏಳಬೇಕು.

2002ರ ನಂಜುಂಡಪ್ಪ ವರದಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ‘ಅತ್ಯಂತ ಹಿಂದುಳಿದ’ ತಾಲೂಕಿನ ಪಟ್ಟಿಗೆ ಹಾಕಿತ್ತು. ಆಮ್ಯಾಲೆ 371 ಜೆ ಬಂತು, ಮಂಡಳಿ ಬಂತು, ಹೆಸರು ಕಲ್ಯಾಣ ಕರ್ನಾಟಕ ಆತು. ಮಂಡಳಿಯ ದುಡ್ಡು ಎಲ್ಲಿಗೆ ಅನ್ನೋದು ಹೆಚ್ಚಾಗಿ ಶಾಸಕರು, ಅಧಿಕಾರಿಗಳ ಮಟ್ಟದಾಗೇ ತೀರ್ಮಾನ ಆಗ್ತದ. ಗ್ರಾಮ ಸಭೆಯ ಪಟ್ಟಿಗೂ ಮಂಡಳಿಯ ಪಟ್ಟಿಗೂ ಕೊಂಡಿ ಬೇಕು ಅಂತ ನಾವು ಕೇಳಬೇಕು. ಪರಿಶಿಷ್ಟ ಜಾತಿ ಉಪಯೋಜನೆ ದುಡ್ಡಿಗೂ ಇದೇ ಮಾತು. 2013ರ ಕಾಯ್ದೆಯ 7ಡಿ ತೆಗೆಸ್ಲಾಕ ಹತ್ತು ವರ್ಷ ಕೂಗಿದೆವು, 2023ರಲ್ಲಿ ತೆಗೆದರು. ಆದರೆ ನಮ್ಮ ಓಣಿಗೆ ಏನು ಬೇಕು ಅನ್ನೋ ಪಟ್ಟಿ ನಮ್ಮ ಓಣಿಯಿಂದ ಹೋಗದೇ ಇದ್ದರೆ ಆ ದುಡ್ಡಿಗೆ ದಾರಿ ಬ್ಯಾರೆಯವರೇ ತೋರಿಸ್ತಾರ.

‘ಹೇಳೋದು ಸುಲಭ, ಊರಾಗ ನಿಂತು ಕೇಳೋರ ಪಾಡು ಏನು?’ ಅಂತ ನೀವು ಕೇಳ್ತೀರಿ. ಈ ಪ್ರಶ್ನೆ ಖರೇನೇ. ಅದೇ ಊರಿನ ಹೊಲದಾಗ ಕೂಲಿ ಮಾಡಬೇಕು, ಅದೇ ಅಂಗಡಿಯಾಗ ಉದ್ದರಿ ತರಬೇಕು. ಮೀಸಲು ಕ್ಷೇತ್ರದಾಗ ಗೆದ್ದ ನಮ್ಮ ಅಕ್ಕನ ಸಹಿ ಇರ್ತದ, ಆಡಳಿತ ಇನ್ನೊಬ್ಬರದ್ದು. 2020ರ ಚುನಾವಣೆಯಾಗ ಸದಸ್ಯ ಸ್ಥಾನಗಳನ್ನ ಹರಾಜು ಹಾಕಿದ ಸುದ್ದಿ ರಾಜ್ಯದ ಹಲವು ಕಡೆಯಿಂದ ಬಂತು. ಹರಾಜು ಅಂದ್ರ ಬಡವನಿಗೆ ಅಲ್ಲಿ ಬಾಗಿಲೇ ಇಲ್ಲ. ಅದಕ್ಕೇ ಒಬ್ಬರೇ ಹೋಗಬ್ಯಾಡ್ರಿ ಅಂತೀನಿ. ಓಣಿ ಓಣಿನೇ ಹೋಗ್ರಿ, ಹೆಣ್ಮಕ್ಕಳನ್ನ ಮುಂದೆ ಬಿಡ್ರಿ. ಪರಿಶಿಷ್ಟ ಸದಸ್ಯರು, ಅಧ್ಯಕ್ಷರು ತಮ್ಮ ಕೆಲಸ ಮಾಡದಂಗ ಹೆದರಿಸೋದು, ಸಾಮಾಜಿಕ ಬಹಿಷ್ಕಾರ ಹಾಕೋದು ಎರಡೂ 2015ರಲ್ಲಿ ತಿದ್ದುಪಡಿಯಾದ ದೌರ್ಜನ್ಯ ತಡೆ ಕಾಯ್ದೆಯಾಗ ಅಪರಾಧ. ಈ ಮಾತು ಸಭೆಯಾಗ ಮೊದಲೇ ಓದಿ ಹೇಳ್ರಿ, ಜಗಳ ಆದ ಮ್ಯಾಲ ಅಲ್ಲ.

ಇನ್ನೊಂದು ಮಾತು, ಕಹಿ ಅನಿಸಿದರೂ ಹೇಳ್ತೀನಿ. ಹೊಲೆಯರ ಓಣಿಗೆ ಒಂದು ನಳ, ಮಾದಿಗರ ಓಣಿಗೆ ಒಂದು ನಳ, ತಾಂಡಾಕ್ಕೆ ಇನ್ನೊಂದು, ಮೂರರ ನಡುವೆ ಜಗಳ. ಈ ಜಗಳ ಇದ್ದಷ್ಟು ದಿನ ಪಂಚಾಯತಿಯವರಿಗೆ ಸುಖ. ಒಳಮೀಸಲಾತಿ ಚರ್ಚೆ ಬೆಂಗಳೂರಿನಾಗ ಏನೇ ಆಗಲಿ, ಊರಾಗ ಕುಡಿಯೋ ನೀರಿನ ಪಟ್ಟಿ ಮೂರೂ ಕಡೆಯಿಂದ ಒಟ್ಟಿಗೆ ಹೋಗಲಿ. ಹಿಂದುಳಿದವರು, ಮುಸ್ಲಿಂ ಓಣಿಯವರು, ಸಣ್ಣ ರೈತರು ಸಹ ಅದೇ ಪೈಪಿನ ಕೊನೆಯಾಗ ಇದ್ದಾರ. ಅವರನ್ನೂ ಕರೀರಿ.

ಏನು ಮಾಡೋಣ? ನನ್ನ ಸಲಹೆ ಇಷ್ಟು:

1. ಪಿಡಿಒಗೆ ಲಿಖಿತ ಅರ್ಜಿ ಕೊಡ್ರಿ: ನಮ್ಮ ಕಾಲೊನಿ, ತಾಂಡಾದಾಗ ಬ್ಯಾರೆಯಾಗಿ ಜನವಸತಿ ಸಭೆ ಬೇಕು. ಅರ್ಜಿಗೆ ಸ್ವೀಕೃತಿ ಸಹಿ, ಮೊಹರು ಹಾಕಿಸ್ಕೊಳ್ಳದೇ ವಾಪಸ್ ಬರಬ್ಯಾಡ್ರಿ.

2. ಸಭೆಗೆ ಮುಂಚೆ ಓಣಿಯ ನಕಾಶೆ ಬರೀರಿ. ಹಾಳೆ ಮ್ಯಾಲ ಕೈಲೇ ಬರೆದರೂ ಸಾಕು. 2020ರಾಗ ನೀರು ಎಲ್ಲಿ ತನಕ ಬಂತು, 2025ರಾಗ ಎಲ್ಲಿ ತನಕ, ಯಾವ ನಳಕ್ಕೆ ನೀರು ಬರಲ್ಲ, ಗಟಾರ ಎಲ್ಲಿ ಕಟ್ಟತದ, ಸ್ಮಶಾನಕ್ಕೆ ದಾರಿ ಅದನೋ ಇಲ್ಲೋ. ನಮ್ಮ ಅಜ್ಜ-ಅಜ್ಜಿಯರಿಗೆ ಇದೆಲ್ಲಾ ಬಾಯಿಪಾಠ, ಹುಡುಗರು ಕುಂತು ಬರ್ಕೊಳ್ರಿ.

3. ಸಭೆಯಾಗ ಮೊದಲು ಕೋರಂ ಕೇಳ್ರಿ. ಹೆಣ್ಮಕ್ಕಳು ಎಷ್ಟು, ಪರಿಶಿಷ್ಟರು ಎಷ್ಟು, ಎಣಿಸಿ ಬರೆಸ್ರಿ. ಇಲ್ಲದಿದ್ದರೆ ಸಭೆ ಮುಂದೂಡ್ರಿ ಅಂತ ಹೇಳ್ರಿ.

4. ನಿಮ್ಮ ಬೇಡಿಕೆ ನಡಾವಳಿಯಾಗ ಇಳಿತೋ ಇಲ್ಲೋ ಅಲ್ಲೇ ಓದಿಸ್ರಿ. ಓದಿದ ಮ್ಯಾಲೇ ಸಹಿ. ಮನಿಗೆ ಪುಸ್ತಕ ತಂದರೆ ಹೆಬ್ಬೆಟ್ಟು ಒತ್ತಬ್ಯಾಡ್ರಿ.

5. ವಾರದೊಳಗೆ ನಡಾವಳಿ ನಕಲು ಕೇಳ್ರಿ. ಕೊಡಲಿಲ್ಲ ಅಂದ್ರ ಮಾಹಿತಿ ಹಕ್ಕು, ₹10 ಶುಲ್ಕ, 30 ದಿನ. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ.

6. ವಾಲ್ ಬಿಡೋ ವೇಳಾಪಟ್ಟಿ ಪಂಚಾಯತಿ ಗೋಡೆ ಮ್ಯಾಲ ಬರೆಸ್ರಿ. ವಾರಕ್ಕೊಮ್ಮೆ ಸರದಿ ತಿರುಗಲಿ, ಒಂದು ವಾರವಾದರೂ ಮೊದಲು ನಮ್ಮ ಓಣಿಗೆ ಬರಲಿ.

7. ವರ್ಷಕ್ಕೊಮ್ಮೆ ಜಮಾಬಂದಿ ಆಗ್ತದ. ಲೆಕ್ಕಪತ್ರ, ಕಾಮಗಾರಿ ಎಲ್ಲಾ ಮಂದಿ ಮುಂದೆ ಪರಿಶೀಲನೆ ಆಗೋ ದಿನ ಅದು. ಆ ದಿನ ಕೂಲಿ ಬಿಟ್ಟಾದರೂ ಹೋಗ್ರಿ. ಬಿಲ್ ಆಗಿರೋ ಗಟಾರ ನಿಮ್ಮ ಓಣಿಯಾಗ ಅದನೋ ಇಲ್ಲೋ ಅವತ್ತೇ ತೋರಿಸ್ಲಾಕ ಬರ್ತದ.

ಇದರಿಂದ ನಾಳೆನೇ ಎಲ್ಲಾ ಬದಲಾಗ್ತದ ಅಂತ ನಾನು ಹೇಳಲ್ಲ. ಹತ್ತು ಬೇಡಿಕೆ ಬರೆಸಿದರೆ ಎರಡು ಆಗಬಹುದು. ಆದರೆ ಉಳಿದ ಎಂಟು ಪುಸ್ತಕದಾಗ ಇರ್ತಾವ. ಮುಂದಿನ ವರ್ಷ ‘ಹೋದ ವರ್ಷದ ಠರಾವು ಏನಾತು?’ ಅಂತ ಕೇಳ್ಲಾಕ ನಮ್ಮ ಕೈಯಾಗ ನಕಲು ಇರ್ತದ. ಕೋರ್ಟಿಗೆ ಹೋದರೆ ಅದೇ ಸಾಕ್ಷಿ. ಪತ್ರಕರ್ತರು ಬಂದರೆ ತೋರಿಸ್ಲಾಕ ಅದೇ ದಾಖಲೆ.

ಗ್ರಾಮ ಪಂಚಾಯತಿ ಚುನಾವಣೆ ಇವತ್ತಲ್ಲ ನಾಳೆ ಬರ್ತದ. ವೋಟು ಕೇಳ್ಲಾಕ ಓಣಿಗೆ ಬಂದವರಿಗೆ ಚಹಾ ಕೊಡ್ರಿ, ಕೂಡಿಸ್ರಿ, ಮರ್ಯಾದಿ ಮಾಡ್ರಿ. ಆಮ್ಯಾಲೆ ಎರಡೇ ಪ್ರಶ್ನೆ ಕೇಳ್ರಿ. ಗೆದ್ದ ಮ್ಯಾಲ ಮೊದಲ ಜನವಸತಿ ಸಭೆ ನಮ್ಮ ಓಣಿಯಾಗ ಯಾವ ತಿಂಗಳು ಕರಿತೀರಿ? ಮುಂದಿನ ಸಲ ಭೀಮಾ ಉಕ್ಕಿದರೆ ನಮ್ಮ ಮಂದಿ ಎಲ್ಲಿಗೆ ಹೋಗಬೇಕು ಅನ್ನೋದನ್ನ ಮೊದಲ ವರ್ಷದ ಯೋಜನೆಯಾಗೇ ಬರಿತೀರೋ ಇಲ್ಲೋ? ಯಾವ ಜಾತಿ, ಯಾವ ಪಕ್ಷದವರಾದರೂ ಸರಿ, ನಮ್ಮವರೇ ಆದರೂ ಸರಿ, ಉತ್ತರ ಬಾಯಿಲೆ ಬ್ಯಾಡ, ಬರೆದು ಸಹಿ ಮಾಡಿ ಕೊಡ್ಲಿ.

ಜನವಸತಿ ಸಭೆ ಕೇಳೋ ಅರ್ಜಿಯ ಮಾದರಿ ಒಂದು ಬರೆದಿಟ್ಟೀನಿ. ಬೇಕಾದವರು ಕಮೆಂಟಿನಾಗ ಊರ ಹೆಸರು ಹಾಕ್ರಿ, ಇನ್‌ಬಾಕ್ಸಿಗೆ ಕಳಿಸ್ತೀನಿ. ನಿಮ್ಮೂರಾಗ ಈ ಕೆಲಸ ಚೆನ್ನಾಗಿ ನಡೆದಿದ್ದರೆ ಅದನ್ನೂ ಬರೀರಿ, ಬ್ಯಾರೆ ಊರಿನವರು ನೋಡಿ ಕಲೀಲಿ.

ಜೈ ಭೀಮ್. ಜೈ ಸಂವಿಧಾನ.